ಹದಿನಾರನೇ ರೀಲು

ಚಂದ್ರಕಲಾ ಟಾಕೀಸಿನ ಗೇಟಿನ್ಯಾಗ ನಿಂತು
ಹತ್ತೊಂಬತ್ತು ವರ್ಷ ತಿಕೀಟು ಹರದೀನಿ.
ಸಿನಿಮಾ ನೋಡಿದ್ದು ಕಡಿಮಿ,
ನೋಡಿ ಹೊರಗ ಬರೋ ಮಾರಿ ನೋಡಿದ್ದು ಭಾಳ.

ಆ ರೋಮಿನ ಸಿನಿಮಾ ಗದಗಿಗೆ ಬಂದಾಗ
ಪ್ರೆಸ್ಸಿನವ್ರು ಹ್ಯಾಂಡಬಿಲ್ಲಿನ ಮ್ಯಾಲ ದಪ್ಪಕ್ಷರದಾಗ
‘ರೋಮ ಸಾಮ್ರಾಜ್ಯ! ಇಂದೇ ನೋಡಿರಿ!’ ಅಂತ ಹಾಕಿದ್ರು.
ಹಡಪದ ಚನ್ನವೀರಪ್ಪ ಅದನ್ನ ಕನ್ನಡಿ ಬಾಜೂಕ ಅಂಟಿಸಿ
‘ಆ ಸಾಮ್ರಾಜ್ಯ ನಮ್ಮದ ಬಿಡ್ರಿ, ದಿನಾ ಸಂಜಿಕೆ ಉಡಗತೀನಿ’ ಅಂದ.
ಆಟ ನೋಡಿ ಬಂದ ಮ್ಯಾಲ ನಗಲಿಲ್ಲ ಅವ.
ಅಷ್ಟು ಮಂದಿ ಸರದಾರರು, ಒಬ್ಬರಿಗೂ ಗಡ್ಡಿಲ್ಲ,
ಬೋಳಿಸಿದಾವನ್ನ ಒಂದ ಸಲನೂ ತೋರಸಲಿಲ್ಲಲ್ಲೋ!
ದೊರಿ ಕುತ್ತಿಗಿಗೆ ದಿನಾ ಕತ್ತಿ ಹಿಡದಾವ ಅವನೊಬ್ಬನ.
ಅವನ ಮನಸ ಮಾಡಿದ್ದರ
ಕತಿ ಅರ್ಧ ತಾಸಿನ್ಯಾಗ ಮುಗೀತಿತ್ತು.

ತುಳಜನಸಾ ಬಾಕಳೆ, ಬೆಟಗೇರಿಯ ಮಗ್ಗದ ಕುಣಿಯಿಂದ ಎದ್ದು ಬಂದಾವ.
ದೊಡ್ಡ ಸಭಾದಾಗ ಯಾರು ಯಾರಿಗೆ ಏನಂದ್ರೋ ಅವಗ ಗೊತ್ತಿಲ್ಲ.
ಅರಿವಿ ಎಣಿಸಿಕೋತ ಕೂತಿದ್ದ.
ಒಬ್ಬೊಬ್ಬರ ಮೈಮ್ಯಾಲ ಹನ್ನೆರಡು ಮೊಳ,
ಹೊಲಿಗಿಲ್ಲ, ಸೆರಗಿಲ್ಲ,
ಎರಡು ಬಳ್ಳಿನಷ್ಟು ಕೆಂಪು ದಡಿ.
‘ನೇದಾವ್ರು ಯಾರು? ಮೊಳಕ್ಕೇನು ಕೊಡತಿದ್ರು?’
ನನ್ನ ಕೇಳತಾನ,
ನಾನೇನು ರೋಮಿನಾಗ ಹುಟ್ಟಿದಂಗ.

ಭರಮಪ್ಪ ಪೈಲ್ವಾನಗ ತಡೀಲಾರದ ಸಿಟ್ಟು:
‘ಬೆನ್ನಿಗೆ ಮಣ್ಣು ಹತ್ತಿದರ ಮುಗೀತು,
ಎಬ್ಬಿಸಿ, ಮೈ ಝಾಡಿಸಿ, ಕೈ ಕೊಟ್ಟು ಕಳಸಬೇಕು.
ಕುಂತಲ್ಲೆ ಹೆಬ್ಬೆಟ್ಟು ತಿರುವಿ ಕೊಲ್ಲಸತಾನ, ಹೇಡಿ!
ಅಷ್ಟು ದೊಡ್ಡ ದೊರಿ, ಅವನೂ ಹೆಬ್ಬೆಟ್ಟೇನು?’
ಅಂದವನ ತನ್ನ ಹೆಬ್ಬೆಟ್ಟು ನೋಡಿಕೊಂಡ.
ಸೊಸೈಟಿ ಶಾಯಿ ಇನ್ನೂ ನೀಲಿ ಇತ್ತು.

ಸ್ಟೇಶನ್ನಿನ ಟಾಂಗಾದ ಖಾಜೇಸಾಬ
ರಥದ ಓಟ ಮುಗದಕೂಡ್ಲೆ ಹೊರಗ ಬಂದ.
ಇನ್ನೂ ಅರ್ಧ ಸಿನಿಮಾ ಇತ್ತು.
‘ಬಲಗಡಿ ಬಿಳೇ ಕುದರಿ ಮುಗ್ಗರಿಸಿ ಬಿತ್ತಲ್ಲ, ಎದ್ದೀತೇನು?’
ನೋಡಿಲ್ಲಂದೆ.
ಮರುದಿನ ಮತ್ತ ರೊಕ್ಕ ಕೊಟ್ಟ ಹೋದ,
ಆ ಜಾಗಾ ಬರತಲೆ ಖುರ್ಚಿ ಬಿಟ್ಟು ಎದ್ದು ನಿಂತ,
ಹಿಂದಿನವ್ರು ಬೈದರೂ ಕೂಡಲಿಲ್ಲ.
ಧೂಳಿನ್ಯಾಗ ಎಲ್ಲಾ ಗೆದ್ದಾವನ ಮಾರೀನ ತೋರಿಸಿದ್ರಂತ.

ಇನ್ನ ಮೊದಲನೇ ರಾತ್ರಿದು ಹೇಳಬೇಕು.
ಆಪರೇಟರ್ ದೇವೇಂದ್ರಗ ನಿದ್ದಿಗಣ್ಣು,
ಹದಿನೈದರಕಿಂತ ಮೊದಲ ಹದಿನಾರನೇ ರೀಲು ಬಿಟ್ಟ.
ನಾಯಕ ಸತ್ತ. ಚಟ್ಟಾ ಏರಿಸಿ ಸುಟ್ಟರು. ಹೆಣ್ಮಕ್ಕಳು ಅತ್ತರು.
ಮುಗೀತು ಅಂತ ಚಪ್ಪಲಿ ಹುಡುಕೋ ಹೊತ್ತಿಗೆ
ಅವ ಎದ್ದು ಬಂದು ದ್ರಾಕ್ಷಿ ತಿನ್ನಲಿಕ್ಕೆ ಹತ್ತಿದ,
ಮಗನ್ನ ಹೆಗಲ ಮ್ಯಾಲ ಕೂಡಿಸಿಕೊಂಡ,
ಕತ್ತಿ ಎತ್ತಿ ನಿಂತ. ಪರದೆ ಬೆಳ್ಳಗಾತು.
ಏನು ಶೀಟಿ, ಏನು ಚಪ್ಪಾಳಿ!
ರೋಮಿನವ್ರಿಗೆ ಸುಟ್ಟರೂ ಸಾವಿಲ್ಲ ಅಂತ
ಚಾದ ಅಂಗಡಿವರಿಗೂ ಸುದ್ದಿ ಹೋತು.

ಮರುದಿನ ಮಾಲಕರು ಬಂದು ಬೈದು ಸರಿ ಮಾಡಿಸಿದ್ರು.
ಜರ್ಮನ್ ದವಾಖಾನಿಯ ಸುಗುಣಾ ಸಿಸ್ಟರ್
ಗೆಳತೀನ ಕರಕೊಂಡು ಎರಡನೇ ಸಲ ಬಂದಿದ್ದರು.
ಹೊರಗ ಬಂದವರು ನನ್ನ ಮುಂದ ನಿಂತರು:
‘ನಿನ್ನೆ ಉಳದಿದ್ದ.’
ರೀಲಿನ ಗೋಳು ಹೇಳಿದೆ.
ಸುಮ್ಮನ ಕೇಳಿ, ಪರ್ಸಿನ ಗುಂಡಿ ಹಾಕಿಕೋತ ಅಂದರು:
‘ನಮ್ಮಲ್ಲೂ ಹಂಗ.
ರಾತ್ರಿ ಪಾಳ್ಯಾಗ ಉಳಿಸಿರತೀವಿ,
ಮರುದಿನ ಬಂದರ ಹಾಸಿಗಿ ಮಡಚಿರತದ.’

ಕಡೇ ದಿನ, ಕಡೇ ಆಟ, ಬರೇ ಹನ್ನೊಂದು ಮಂದಿ.
ಅವರಾಗ ಸಿಸ್ಟರ್ ಇರಲಿಲ್ಲ, ಅದೂ ನನಗ ಗೊತ್ತಿತ್ತು.
ಮ್ಯಾಲ ಹೋದೆ, ದೇವೇಂದ್ರನ್ನ ಬೀಡಿಗೆ ಕಳಿಸಿದೆ,
ಎರಡು ಡಬ್ಬಿ ಅದಲಿ ಬದಲಿ ಇಟ್ಟೆ.
ಹನ್ನೊಂದೂ ಮಂದಿ ನಕ್ಕೋತ ಮನಿಗೆ ಹೋದ್ರು,
ಒಬ್ಬರೂ ತಕರಾರು ಮಾಡಲಿಲ್ಲ.

ಆಮ್ಯಾಲ ಬಲ್ಬಿನ ಮುಂದ ಹಿಡದು
ಓಟದ ರೀಲು ಗೇಣು ಗೇಣು ಬಿಚ್ಚಿ ನೋಡಿದೆ.
ಕುದರಿ ಬೀಳತದ.
ಎದ್ದದ್ದು ಯಾವ ಡಬ್ಬ್ಯಾಗೂ ಇರಲಿಲ್ಲ.
ಖಾಜೇಸಾಬಗ ಎದ್ದಿತ್ತು ಅಂತ ಹೇಳೀನಿ.